ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ, ದಿನದ ಚಿಲ್ಲರೆ ಕೆಲಸ ಹಗುರ ಮಾಡಿಕೊಳ್ಳುವುದು ಹೇಗೆ?

ತುಂಗೆಯ ದಂಡೆ:

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಅಪ್ಪ ಅಮ್ಮನ ಜೊತೆ ಇದ್ದುಕೊಂಡು ಕೆಲಸ ಮಾಡುತ್ತೇನೆ, ತಿಂಗಳಿಗೊಂದು ವಾರ ಬೆಂಗಳೂರಿನ ಆಫೀಸು. ಜಾವಾ, ಸ್ಪ್ರಿಂಗ್ ಬೂಟ್ ಬಳಸಿ ಪ್ರೋಗ್ರಾಂ ಬರೆಯಲು ಶುರು ಮಾಡಿ ಆರು ವರ್ಷ ಆಯಿತು. ಕೋಡ್ ಬರೆಯುವುದು ನನಗೆ ಯಾವತ್ತೂ ಭಾರ ಅನಿಸಿಲ್ಲ. ಆದರೆ ಬರೆಯುವುದಕ್ಕೆ ದಿನದಲ್ಲಿ ಎಷ್ಟು ಹೊತ್ತು ಉಳಿಯುತ್ತಿದೆ ಅನ್ನುವುದು ಈಚೆಗೆ ನಿಜವಾಗಿಯೂ ಚಿಂತೆಯಾಗಿದೆ.

ಕಳೆದ ಗುರುವಾರದ್ದೇ ಹೇಳುತ್ತೇನೆ. ಗೋದಾಮಿನಿಂದ ಹೊರಟ ಪಾರ್ಸೆಲ್ಲಿನ ಸ್ಥಿತಿ ಗ್ರಾಹಕರ ಪರದೆಯಲ್ಲಿ ಬದಲಾಗುತ್ತಿಲ್ಲ ಅಂತ ಬೆಳಿಗ್ಗೆ 10 ಗಂಟೆಗೆ ಟಿಕೆಟ್ ಬಂತು. ಲಾಗ್ ತೆರೆದರೆ ಸಮಯವೆಲ್ಲ 13 ಅಂಕಿಯ ಎಪಾಕ್ ಸಂಖ್ಯೆಯಲ್ಲಿ, ಅಂದರೆ 1970ರ ಶುರುವಿನಿಂದ ಎಣಿಸಿದ ಲೆಕ್ಕದಲ್ಲಿ. ಒಂದೊಂದನ್ನೂ ಕಾಪಿ ಮಾಡಿ, ಬ್ರೌಸರ್‌ಗೆ ಹೋಗಿ, ಒಂದು ವೆಬ್‌ಸೈಟ್‌ನಲ್ಲಿ ಹಾಕಿ ನಮ್ಮ ಗಡಿಯಾರದ ಹೊತ್ತಿಗೆ ತಂದುಕೊಳ್ಳಬೇಕು. ಆಮೇಲೆ ಲಾಗಿನ್ ಟೋಕನ್ ಒಳಗೆ ಏನಿದೆ ನೋಡಬೇಕಾಯಿತು, ಅದಕ್ಕೆ ಇನ್ನೊಂದು ವೆಬ್‌ಸೈಟ್. ಸರ್ವರ್ ಕಳಿಸಿದ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸುವ ಒಂದು ರೂಪ) ಉತ್ತರ ಪೂರ್ತಿ ಒಂದೇ ಸಾಲಿನಲ್ಲಿತ್ತು, ಬಿಡಿಸಿ ನೋಡಲು ಮತ್ತೊಂದು. ಟೋಕನ್ ಕಾಪಿ ಮಾಡಿದ ಕೂಡಲೇ ಅದಕ್ಕೂ ಮೊದಲು ಕಾಪಿ ಮಾಡಿದ್ದ ಆರ್ಡರ್ ನಂಬರ್ ಹೋಯಿತು. ಅದಕ್ಕಾಗಿ ಮತ್ತೆ ಲಾಗ್‌ಗೆ ವಾಪಸ್.

ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಇನ್ನೊಂದು ತುರ್ತು. ಅರ್ಧ ಬರೆದಿದ್ದನ್ನು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್) ಸ್ಟ್ಯಾಶ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಎತ್ತಿಟ್ಟು, ಬೇರೆ ಬ್ರಾಂಚ್‌ಗೆ, ಅಂದರೆ ಕೋಡಿನ ಇನ್ನೊಂದು ಕವಲಿಗೆ ಹೋದೆ. ಸಂಜೆ ಬಂದು ನೋಡಿದರೆ ಸ್ಟ್ಯಾಶ್ ಪಟ್ಟಿಯಲ್ಲಿ ಏಳು ಇವೆ, ಒಂದಕ್ಕೂ ಹೆಸರು ಕೊಟ್ಟಿಲ್ಲ. ಒಂದೊಂದೇ ತೆರೆದು ನೋಡಿ ನನ್ನದನ್ನು ಹುಡುಕಿಕೊಂಡೆ. ಆಮೇಲೆ ಸರ್ವರ್ ಶುರುವಾಗಲಿಲ್ಲ, 8080 ಪೋರ್ಟ್ (ಸರ್ವರನ್ನು ತಲುಪುವ ಬಾಗಿಲಿನ ಸಂಖ್ಯೆ) ಬೇರೆ ಯಾವುದೋ ಪ್ರೋಗ್ರಾಂ ಬಳಸುತ್ತಿದೆ ಅಂತ. ಯಾವುದು ಅಂತ ಗೊತ್ತಾಗದೆ ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡಿದೆ. ಅಮ್ಮ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಹಾಕಿದರೆ ಇಡೀ ದಿನ ನಾನು ಬದಲಿಸಿದ್ದು ನಾಲ್ಕು ಸಾಲು.

ಕಂಪನಿ ಕೊಟ್ಟಿರುವುದು ವಿಂಡೋಸ್ 11 ಲ್ಯಾಪ್‌ಟಾಪ್, ಅಡ್ಮಿನ್ ಹಕ್ಕು ನನಗಿಲ್ಲ. ಏನಾದರೂ ಹಾಕಿಸಬೇಕಾದರೆ ಐಟಿಯವರಿಗೆ ಕಾರಣ ಬರೆದು ಕಳಿಸಬೇಕು, ಎರಡು ವಾರ ಹಿಡಿಯುತ್ತದೆ. ಗಿಟ್, ಆಜ್ಞೆ ಟೈಪ್ ಮಾಡುವ ಗಿಟ್ ಬ್ಯಾಶ್, ಕೋಡ್ ಬರೆಯುವ ಇಂಟೆಲಿಜೆ, ವಿಎಸ್ ಕೋಡ್ ಇವೆ. "ಡೆವಲಪರ್‌ಗೆ ಬೇಕಾದ 50 ಟೂಲ್" ಥರದ ಪಟ್ಟಿಗಳನ್ನು ಓದಿದ್ದೇನೆ, ಅವುಗಳಲ್ಲಿ ಮುಕ್ಕಾಲು ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಇರುವುದರಲ್ಲೇ ಏನು ಮಾಡಿಕೊಳ್ಳಬಹುದು? ಐಟಿಯವರನ್ನು ಕೇಳುವುದಾದರೆ ಯಾವುದನ್ನು ಕೇಳಿದರೆ ಸಾರ್ಥಕ? ನೀವು ದಿನಾ ಬಳಸುವುದನ್ನೇ ಹೇಳಿ ದಯವಿಟ್ಟು.

ಬೆಟ್ಟದ ಮೆಟ್ಟಿಲು:

ಮೇಡಂ, ಮೈಸೂರಿನಿಂದ ಬರೆಯುತ್ತಿದ್ದೇನೆ. 17 ವರ್ಷದಿಂದ ಇದೇ ಕೆಲಸ, ಅದರಲ್ಲಿ ಹೆಚ್ಚಿನ ಕಾಲ ಇಂಥದೇ ಬೀಗ ಹಾಕಿದ ಲ್ಯಾಪ್‌ಟಾಪ್‌ಗಳಲ್ಲೇ ಕಳೆದಿದ್ದೇನೆ.

ನಿಮ್ಮ ಗುರುವಾರವನ್ನು ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ಆ ಮೂರು ವೆಬ್‌ಸೈಟ್‌ಗಳ ಮೇಲೆ. ಎಪಾಕ್ ಸಂಖ್ಯೆ ಹಾಕಿದರೆ ಏನೂ ಆಗುವುದಿಲ್ಲ. ಟೋಕನ್ ಮತ್ತು ಗ್ರಾಹಕರ ಜೇಸನ್ ಹಾಕುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಇಂಥ ಟೋಕನ್‌ಗೆ ಜೆಡಬ್ಲ್ಯೂಟಿ ಅನ್ನುತ್ತಾರೆ, ಅಂದರೆ ಚುಕ್ಕಿಯಿಂದ ಬೇರೆಯಾದ ಮೂರು ತುಂಡು. ಮೊದಲ ಎರಡು ತುಂಡು ಬರೀ ಬೇಸ್64, ಗುಪ್ತಲಿಪಿ ಅಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದು. ಮೂರನೆಯದು ಸಹಿ. ಅವಧಿ ಮುಗಿಯುವ ತನಕ ಆ ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಆ ಬಳಕೆದಾರ ಅಂತ ಸರ್ವರ್ ನಂಬುತ್ತದೆ. ಜೇಸನ್‌ನಲ್ಲಿ ಗ್ರಾಹಕರ ಹೆಸರು, ಫೋನ್, ಮನೆಯ ವಿಳಾಸ ಇರುತ್ತದೆ. ಅವರು ತಮ್ಮ ವಿಳಾಸವನ್ನು ಕೊಟ್ಟದ್ದು ಪಾರ್ಸೆಲ್ ಮನೆಗೆ ಬರಲಿ ಅಂತ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಒಬ್ಬ ಹುಡುಗ ಹೀಗೇ ಆನ್‌ಲೈನ್ ಫಾರ್ಮ್ಯಾಟರ್‌ನಲ್ಲಿ ಪೇಸ್ಟ್ ಮಾಡಿ, ಸಹೋದ್ಯೋಗಿಗೆ ತೋರಿಸಲು ಅಲ್ಲೇ "ಸೇವ್" ಒತ್ತಿದ. ಲಿಂಕ್ ಇದ್ದವರೆಲ್ಲ ಓದಬಹುದಾದ ಪುಟ ಅದಾಯಿತು. ಗೊತ್ತಾಗಿ ಅಳಿಸುವ ತನಕ ನಾವ್ಯಾರೂ ಆ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದಾದ ಮೇಲೆ ಯಾವ ಹೊಸಬರು ಬಂದರೂ ನಾನು ಮೊದಲ ದಿನ ಹೇಳಿಕೊಡುವುದು ಇದನ್ನೇ.

ಬದಲಿಗೆ ಸೈಬರ್‌ಶೆಫ್ ಇದೆ. ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯೂ 2016ರಲ್ಲಿ ಮುಕ್ತವಾಗಿ ಹಂಚಿದ ಸಲಕರಣೆ. ಇನ್‌ಸ್ಟಾಲ್ ಬೇಡ, ಝಿಪ್ ಇಳಿಸಿಕೊಂಡು ಬಿಡಿಸಿ, ಒಳಗಿನ ಎಚ್‌ಟಿಎಂಎಲ್ ಫೈಲನ್ನು ಬ್ರೌಸರ್‌ನಲ್ಲಿ ತೆರೆದರೆ ಆಯಿತು. ಇಂಟರ್‌ನೆಟ್ ತೆಗೆದರೂ ನಡೆಯುತ್ತದೆ, ಹಾಕಿದ್ದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ. ಎಡಗಡೆ ಕೆಲಸಗಳ ಪಟ್ಟಿ, ನಡುವೆ "ರೆಸಿಪಿ". ಜೇಸನ್ ಬ್ಯೂಟಿಫೈ, ಜೆಡಬ್ಲ್ಯೂಟಿ ಡಿಕೋಡ್, ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಎಲ್ಲ ಇವೆ, ಒಂದರ ಕೆಳಗೊಂದು ಎಳೆದಿಟ್ಟರೆ ಒಂದರ ಫಲಿತ ಇನ್ನೊಂದಕ್ಕೆ ಹೋಗುತ್ತದೆ. ಇಳಿಸಿಕೊಳ್ಳುವ ಮೊದಲು ಐಟಿಯವರಿಗೆ ಒಂದು ಮಾತು ತಿಳಿಸಿ. ಇನ್‌ಸ್ಟಾಲ್ ಬೇಡ ಅಂದ ಮಾತ್ರಕ್ಕೆ ನಿಯಮ ಇಲ್ಲ ಅಂತಲ್ಲ. ಜೇಸನ್ ಒಂದೇ ಸಾಕು ಅನ್ನುವುದಾದರೆ ವಿಎಸ್ ಕೋಡ್‌ನಲ್ಲಿ ಹೊಸ ಫೈಲ್ ತೆರೆದು, ಭಾಷೆ ಜೇಸನ್ ಅಂತ ಆರಿಸಿ, ಶಿಫ್ಟ್ ಆಲ್ಟ್ ಎಫ್ ಒತ್ತಿ.

ಎಪಾಕ್‌ಗಾಗಿ ನಿಮ್ಮಲ್ಲಿರುವ ಗಿಟ್ ಬ್ಯಾಶ್ ಸಾಕು. ಅದರಲ್ಲಿ ಗ್ನೂ ಡೇಟ್ ಆಜ್ಞೆ ಬರುತ್ತದೆ. ಮೈನಸ್ ಡಿ ಕೊಟ್ಟು, ಆಟ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಕೊಂಡ ಹಾಗೆ 1700000000 ಅಂತ ಬರೆದು ನೋಡಿ, 2023ರ ನವೆಂಬರ್ 15, ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡ್ ಬರಬೇಕು. ಯುಟಿಸಿಯಲ್ಲಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅದು ಹಿಂದಿನ ದಿನ ರಾತ್ರಿ 10 ಗಂಟೆ 13 ನಿಮಿಷ. ತಾರೀಖೇ ಬದಲಾಗುತ್ತದೆ ನೋಡಿ, ಪಾರ್ಸೆಲ್ ಲೆಕ್ಕದಲ್ಲಿ ಇದು ಎಷ್ಟು ತಲೆನೋವು ಅಂತ ನಿಮಗೇ ಗೊತ್ತು. 10 ಅಂಕಿ ಇದ್ದರೆ ಸೆಕೆಂಡು, 13 ಇದ್ದರೆ ಮಿಲಿಸೆಕೆಂಡು, ಆಗ ಕೊನೆಯ ಮೂರನ್ನು ಬಿಡಬೇಕು. ಗಿಟ್ ಬ್ಯಾಶ್‌ನಲ್ಲಿ ಕ್ಲಿಪ್‌ಬೋರ್ಡ್ ಕೂಡ ಒಂದು ಫೈಲಿನ ಹಾಗೆ ಸಿಗುತ್ತದೆ, ಡೆವ್ ಫೋಲ್ಡರಿನೊಳಗೆ ಕ್ಲಿಪ್‌ಬೋರ್ಡ್ ಅಂತ. ಹಾಗಾಗಿ ನಾನು ಬ್ಯಾಶ್‌ಆರ್‌ಸಿಯಲ್ಲಿ (ಗಿಟ್ ಬ್ಯಾಶ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ನಾಲ್ಕು ಸಾಲಿನ ಫಂಕ್ಷನ್ ಬರೆದಿಟ್ಟುಕೊಂಡಿದ್ದೇನೆ: ಕ್ಲಿಪ್‌ಬೋರ್ಡ್ ಓದು, ಅಂಕಿ ಬಿಟ್ಟು ಉಳಿದದ್ದು ತೆಗೆ, ಮೊದಲ 10 ಅಂಕಿ ಇಟ್ಟುಕೋ, ಡೇಟ್‌ಗೆ ಕೊಡು. ಅದಕ್ಕೆ "ಹೊತ್ತು" ಅಂತ ಹೆಸರಿಟ್ಟಿದ್ದೇನೆ. ಲಾಗ್‌ನಲ್ಲಿ ಸಂಖ್ಯೆ ಕಾಪಿ ಮಾಡುವುದು, ಟರ್ಮಿನಲ್‌ನಲ್ಲಿ ಹೊತ್ತು ಅಂತ ಟೈಪ್ ಮಾಡುವುದು, ಅಷ್ಟೇ. ಎಂಟು ವರ್ಷದಿಂದ ಇದೊಂದನ್ನು ನಾನು ಬದಲಿಸಿಲ್ಲ.

ಕಾಪಿ ಮಾಡಿದ್ದು ಕಳೆದುಹೋಗುವುದಕ್ಕೆ ವಿಂಡೋಸ್ ಕೀ ಜೊತೆ ವಿ ಒತ್ತಿ. 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಇದೆ, ಮೊದಲ ಸಲ ಒತ್ತಿದಾಗ ಆನ್ ಮಾಡಲೇ ಅಂತ ಕೇಳುತ್ತದೆ. ಕೊನೆಯ 25 ಕಾಪಿಗಳು ಇರುತ್ತವೆ, ಪಿನ್ ಮಾಡಿದ್ದು ರೀಸ್ಟಾರ್ಟ್ ಆದರೂ ಹೋಗುವುದಿಲ್ಲ. ಬೇರೆ ಸಾಧನಗಳಿಗೆ ಸಿಂಕ್ ಮಾಡುವ ಆಯ್ಕೆ ಇದೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಆಫ್ ಇಡಿ.

ಇನ್ನು ಸ್ಟ್ಯಾಶ್. ನನ್ನ ಪ್ರಕಾರ ನಿಮ್ಮ ಗುರುವಾರವನ್ನು ಅರ್ಧ ತಿಂದದ್ದು ಇದೇ. ಗಿಟ್ 2.5ರಲ್ಲಿ, ಅಂದರೆ 2015ರಲ್ಲಿ, ವರ್ಕ್‌ಟ್ರೀ ಅನ್ನುವುದು ಬಂತು. ತುಂಬಾ ಜನ ಅದನ್ನು ಮುಟ್ಟಿಯೇ ಇಲ್ಲ. ಒಂದೇ ರೆಪಾಸಿಟರಿಗೆ (ಪ್ರಾಜೆಕ್ಟಿನ ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಎರಡು ಮೂರು ಫೋಲ್ಡರ್, ಒಂದೊಂದರಲ್ಲಿ ಒಂದೊಂದು ಬ್ರಾಂಚ್. ಕ್ಲೋನ್ ಮಾಡಿದ ಹಾಗಲ್ಲ, ಇತಿಹಾಸವೆಲ್ಲ ಒಂದೇ ಕಡೆ ಇರುತ್ತದೆ, ಒಂದರಲ್ಲಿ ಫೆಚ್ ಮಾಡಿದರೆ ಎಲ್ಲಕ್ಕೂ ಆಯಿತು. ನಾನು ಯಾವಾಗಲೂ ಪಕ್ಕದಲ್ಲಿ "ತುರ್ತು" ಅಂತ ಒಂದು ಫೋಲ್ಡರ್ ಇಟ್ಟಿರುತ್ತೇನೆ. ತುರ್ತು ಟಿಕೆಟ್ ಬಂದರೆ ಅಲ್ಲಿ ಹೊಸ ಬ್ರಾಂಚ್ ತೆರೆದು ಅದನ್ನೇ ಇನ್ನೊಂದು ಇಂಟೆಲಿಜೆ ಕಿಟಕಿಯಲ್ಲಿ ನೋಡುತ್ತೇನೆ. ಅರ್ಧ ಬರೆದಿದ್ದ ಕೋಡ್, ಕರ್ಸರ್ ಎಲ್ಲಿತ್ತೋ ಅಲ್ಲೇ ಕಾಯುತ್ತಿರುತ್ತದೆ. ಮನಸ್ಸಿಗೆ ಇದರಿಂದ ಆಗುವ ಸಮಾಧಾನ ದೊಡ್ಡದು. ಒಂದೇ ಬ್ರಾಂಚನ್ನು ಎರಡು ಫೋಲ್ಡರಿನಲ್ಲಿ ತೆರೆಯಲು ಗಿಟ್ ಬಿಡುವುದಿಲ್ಲ, ಅದು ಒಳ್ಳೆಯದೇ. ಕೆಲಸ ಮುಗಿದ ಮೇಲೆ ಫೋಲ್ಡರನ್ನು ಕೈಯಿಂದ ಅಳಿಸಬೇಡಿ, ವರ್ಕ್‌ಟ್ರೀ ರಿಮೂವ್ ಕೊಡಿ. ಸ್ಟ್ಯಾಶ್ ಮಾಡಲೇಬೇಕು ಅನ್ನುವಾಗ ಸ್ಟ್ಯಾಶ್ ಪುಶ್ ಮೈನಸ್ ಎಂ ಕೊಟ್ಟು ಗುರುತಿಗೆ ಒಂದು ಸಾಲು ಬರೆಯಿರಿ.

8080ಕ್ಕೆ ರೀಸ್ಟಾರ್ಟ್ ಬೇಕಿಲ್ಲ. ನೆಟ್‌ಸ್ಟ್ಯಾಟ್ ಮೈನಸ್ ಎಎನ್‌ಒ ಕೊಟ್ಟು 8080 ಇರುವ ಸಾಲು ಹುಡುಕಿ. ಕೊನೆಯ ಸಂಖ್ಯೆ ಪ್ರೋಸೆಸ್ ಐಡಿ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಆ ಸಂಖ್ಯೆಯವನು ಯಾರು ಅಂತ ನೋಡಿ, ಬಹಳ ಸಲ ಇಂಟೆಲಿಜೆ ಮುಚ್ಚಿದರೂ ಉಳಿದ ಹಳೆಯ ಜಾವಾ ಆಗಿರುತ್ತದೆ, ಅದನ್ನು ಮುಗಿಸಿ.

ಐಟಿಯವರನ್ನು ಕೇಳುವುದಾದರೆ ನಾನು ಮೊದಲು ಕೇಳುವುದು ಪ್ರೋಸೆಸ್ ಎಕ್ಸ್‌ಪ್ಲೋರರ್. ಟಾರ್ಗೆಟ್ ಫೋಲ್ಡರಿನ ಜಾರ್ (ಜಾವಾ ಪ್ರೋಗ್ರಾಂ ಕಟ್ಟಿಟ್ಟ ಫೈಲ್) ಅಳಿಸಲು ಆಗುತ್ತಿಲ್ಲ, ಯಾರೋ ಹಿಡಿದಿದ್ದಾರೆ ಅಂತ ಬರುತ್ತದಲ್ಲ, ಯಾರು ಅಂತ ಅದು ಹೇಳುತ್ತದೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರು ಮಾಡಿದ ಸಿಸ್‌ಇಂಟರ್ನಲ್ಸ್ ಗುಂಪಿನದು, 2006ರಿಂದ ಮೈಕ್ರೋಸಾಫ್ಟ್‌ನದೇ. ಮೈಕ್ರೋಸಾಫ್ಟ್‌ನ ಸಹಿ ಇರುವುದರಿಂದ ಐಟಿಯವರು ಒಪ್ಪುವುದು ಸುಲಭ.

ಪೇಢೆ ಊರಿನವ:

ಅಕ್ಕಾರ, ನಮಸ್ಕಾರ್ರೀ. ಧಾರವಾಡದಿಂದ. ಮ್ಯಾಲಿನ ಸರ್ ಎಲ್ಲಾ ಛಲೋ ಹೇಳ್ಯಾರ, ನಾ ಹುಡುಕೋದರ ಬಗ್ಗೆ ಅಷ್ಟ ಹೇಳತೀನಿ.

ನಿಮ್ಮ ಹತ್ರ ವಿಎಸ್ ಕೋಡ್ ಐತಿ ಅಂದ್ರ ರಿಪ್‌ಗ್ರೆಪ್ ಐತಿ ಅಂತನ ಅರ್ಥ. ಅದರ ಹುಡುಕಾಟದ ಒಳಗ ಕೆಲಸ ಮಾಡೋದು ರಿಪ್‌ಗ್ರೆಪ್. ಆಂಡ್ರ್ಯೂ ಗ್ಯಾಲಂಟ್ ಅನ್ನೋರು 2016ರಾಗ ರಸ್ಟ್ ಭಾಷಾದಾಗ ಬರೆದದ್ದು, ಭಾಳ ಜೋರ್ ಓಡತೈತಿ. ಆದ್ರ ಒಂದು ಮಾತು ನೆನಪಿಡ್ರಿ: ಅದು ಗಿಟ್‌ಇಗ್ನೋರ್‌ನಾಗ (ಗಿಟ್ ಲೆಕ್ಕಕ್ಕ ತಗೋಬಾರದ ಫೈಲ್‌ಗಳ ಪಟ್ಟಿ) ಬರೆದಿದ್ದನ್ನ ನೋಡಂಗಿಲ್ಲ. ಹೋದ ವರ್ಷ ಒಂದು ಎರರ್ ಕೋಡ್ ಹುಡುಕಾಕತ್ತಿದ್ದೆ, ಪ್ರಾಜೆಕ್ಟ್ ಫೋಲ್ಡರಿನ್ಯಾಗ ಎಲ್ಲೂ ಇಲ್ಲ ಅಂತ ಬಂತು. ಹಂಗಾದ್ರ ಈ ಎರರ್ ನಮ್ಮ ಕಡೆಯಿಂದ ಬಂದಿಲ್ಲ ಅಂತ ಇನ್ನೊಂದು ತಂಡಕ್ಕ ಮೇಲ್ ಹಾಕಿದೆ. ಅವರು ಪಾಪ ಎರಡು ದಿನ ತಮ್ಮ ಕಡೆ ಹುಡುಕಿದ್ರು. ನೋಡಿದ್ರ ಲಾಗ್ ಫೋಲ್ಡರ್ ಗಿಟ್‌ಇಗ್ನೋರ್‌ನಾಗ ಇತ್ತು, ಎರರ್ ಅದರಾಗ ನೂರಾರು ಸಲ ಬಿದ್ದಿತ್ತು. ಅವರ ಹತ್ರ ಕ್ಷಮಾ ಕೇಳಿದೆ. ಹುಡುಕೋ ಪೆಟ್ಟಿಗೆ ಕೆಳಗ "ಫೈಲ್ಸ್ ಟು ಎಕ್ಸ್‌ಕ್ಲೂಡ್" ಅಂತ ಐತಲ್ಲ, ಅದರ ಬಲಕ್ಕ ಒಂದು ಸಣ್ಣ ಗುಂಡಿ ಐತಿ. ಲಾಗ್ ಹುಡುಕೋವಾಗ ಅದನ್ನ ಆಫ್ ಮಾಡ್ರಿ. ಟರ್ಮಿನಲ್‌ದಾಗ ರಿಪ್‌ಗ್ರೆಪ್ ಬಳಸೋದಾದ್ರ ಮೈನಸ್ ಯು ಕೊಡ್ರಿ, ಎರಡು ಯು ಕೊಟ್ರ ಅಡಗಿದ ಫೈಲೂ ನೋಡತೈತಿ, ಮೂರು ಕೊಟ್ರ ಬೈನರಿನೂ ಬಿಡಂಗಿಲ್ಲ.

ಇನ್ನೊಂದು. ಗಿಟ್ ಬ್ಯಾಶ್‌ದಾಗ ಕಂಟ್ರೋಲ್ ಆರ್ ಒತ್ತಿ ಹಿಂದ ಹೊಡದ ಆಜ್ಞೆ ಹುಡುಕೋ ರೂಢಿ ಮಾಡ್ಕೋರಿ. ನೆಟ್‌ಸ್ಟ್ಯಾಟ್ ಸಾಲು ಯಾರು ನೆನಪಿಟ್ಟಾರು, 8080 ಅಂತ ಬರದ್ರ ತಾನ ಬರತೈತಿ. ಬ್ಯಾಶ್ ತಾನಾಗೇ ನೆನಪಿಡೋದು ಬರೀ 500 ಸಾಲು. ಬ್ಯಾಶ್‌ಆರ್‌ಸಿದಾಗ ಹಿಸ್ಟ್‌ಸೈಜ್ ಮತ್ತ ಹಿಸ್ಟ್‌ಫೈಲ್‌ಸೈಜ್ ಎರಡನ್ನೂ 50000 ಮಾಡ್ರಿ. ಎರಡು ಮೂರು ಕಿಟಕಿ ತೆರೆದಿದ್ರ ಕೊನೀಗೆ ಮುಚ್ಚಿದ್ದು ಉಳಿದವರ ಇತಿಹಾಸ ಅಳಿಸಿಬಿಡತೈತಿ, ಅದಕ್ಕ ಹಿಸ್ಟ್‌ಅಪೆಂಡ್ ಅನ್ನೋದನ್ನ ಆನ್ ಇಡ್ರಿ. ಪಾಸ್‌ವರ್ಡ್ ಇರೋ ಆಜ್ಞೆ ಹೊಡಿಯೋ ಪ್ರಸಂಗ ಬಂದ್ರ ಮೊದಲ ಒಂದು ಸ್ಪೇಸ್ ಬಿಟ್ಟು ಬರೀರಿ. ಹಿಸ್ಟ್‌ಕಂಟ್ರೋಲ್‌ದಾಗ ಇಗ್ನೋರ್‌ಸ್ಪೇಸ್ ಇದ್ರ ಆ ಸಾಲು ಇತಿಹಾಸಕ್ಕ ಹೋಗಂಗಿಲ್ಲ.

ಎವೆರಿಥಿಂಗ್ ಅನ್ನೋ ಫೈಲ್ ಹುಡುಕೋ ಟೂಲ್ ನನ್ನ ಮನಿ ಕಂಪ್ಯೂಟರ್‌ದಾಗ ಐತಿ, ಅದರಷ್ಟು ಜೋರ್ ಯಾವುದೂ ಇಲ್ಲ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡೋ ಪದ್ಧತಿ) ಡಿಸ್ಕಿನ ಫೈಲ್ ಪಟ್ಟಿನ ನೇರ ಓದತೈತಿ. ಆದ್ರ ಅದಕ್ಕ ಅಡ್ಮಿನ್ ಹಕ್ಕು ಇಲ್ಲಾ ಒಂದು ಸರ್ವಿಸ್ ಬೇಕು, ನಿಮ್ಮ ಐಟಿಯವರು ಒಪ್ಪೋದು ಕಷ್ಟ.

ಅರ್ಕಾವತ್ತು:

ನಮಸ್ತೆ. ನನ್ನದು ಬೇರೆ ಥರದ ಕೆಲಸ. ಆ್ಯಪ್‌ಗಳ ಕನ್ನಡ ಆವೃತ್ತಿಯನ್ನು ಪರೀಕ್ಷೆ ಮಾಡುತ್ತೇನೆ. ಇಡೀ ದಿನ ಒಂದು ಕಿಟಕಿಯಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಆಜ್ಞೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕೀಬೋರ್ಡ್ ಬದಲಿಸುವುದು ಎಲ್ಲರಿಗೂ ಗೊತ್ತು. ಟರ್ಮಿನಲ್‌ಗೆ ಹೋಗಿ ಗಿಟ್ ಅಂತ ಟೈಪ್ ಮಾಡಿದರೆ ಕನ್ನಡ ಅಕ್ಷರ ಬೀಳುವುದೂ ಗೊತ್ತು. ಕೀಬೋರ್ಡಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಆ್ಯಪ್ ಕಿಟಕಿಗೆ ಬೇರೆ ಇನ್‌ಪುಟ್ ಬಳಸಲು ಬಿಡು ಅನ್ನುವ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಟಿಪ್ಪಣಿಯ ಕಿಟಕಿ ಕನ್ನಡದಲ್ಲೇ, ಟರ್ಮಿನಲ್ ಇಂಗ್ಲಿಷ್‌ನಲ್ಲೇ ಉಳಿಯುತ್ತದೆ. ಅಡ್ಮಿನ್ ಹಕ್ಕು ಬೇಡ. ನನ್ನ ದಿನದ ಅತಿ ದೊಡ್ಡ ಕಿರಿಕಿರಿ ಈ ಒಂದು ಟಿಕ್‌ನಿಂದ ಹೋಯಿತು. ಮನೆಯಲ್ಲಿ ಲಿನಕ್ಸ್ ಇದ್ದವರಿಗೆ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಸಿಗುತ್ತದೆ, ಕನ್ನಡ ಗಣಕ ಪರಿಷತ್ತಿನ ಹೆಸರಿನದೇ. ನುಡಿ ತಂತ್ರಾಂಶದಲ್ಲಿ ಕಲಿತ ಬೆರಳಿಗೆ ಅಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

ಸೈಬರ್‌ಶೆಫ್ ಹೆಸರು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಕನ್ನಡದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿವೆ. "ಸೂರ್ಯ" ಬರೆಯುವಾಗ ರಕಾರ, ವಿರಾಮ (ಹಲಂತ ಚಿಹ್ನೆ), ಯಕಾರ ಬಂದರೆ ಅರ್ಕಾವತ್ತು ತಾನಾಗಿ ಮೂಡುತ್ತದೆ. "ರ‍್ಯಾಂಕ್" ಬರೆಯುವಾಗ ನಮಗೆ ಪೂರ್ತಿ ರ ಬೇಕು, ಕೆಳಗೆ ಯ ಒತ್ತು ಬೇಕು. ಅದಕ್ಕೆ ರ ಆದ ಮೇಲೆ, ವಿರಾಮಕ್ಕೆ ಮೊದಲು, ಝೀರೋ ವಿಡ್ತ್ ಜಾಯ್ನರ್ ಅನ್ನುವ ಅಗಲವೇ ಇಲ್ಲದ ಒಂದು ಅಕ್ಷರ ಹಾಕಬೇಕು. ಅನುವಾದಕರು ಒಂದು ಕಡೆ ಅದನ್ನು ಹಾಕಿ ಇನ್ನೊಂದು ಕಡೆ ಬಿಟ್ಟಿರುತ್ತಾರೆ, ಕೆಲವು ಫಾಂಟ್‌ಗಳಲ್ಲಿ ಕಣ್ಣಿಗೆ ತಟ್ಟನೆ ಗೊತ್ತಾಗುವುದೂ ಇಲ್ಲ. ಹುಡುಕಿದರೆ ಸಿಗುವುದಿಲ್ಲ, ಹೋಲಿಸಿದರೆ ಹೊಂದುವುದಿಲ್ಲ. ಡೆವಲಪರ್ ಬಂದು ಕೋಡ್ ಸರಿ ಇದೆ ಅನ್ನುತ್ತಾರೆ, ಅನುವಾದಕರು ಪದ ಸರಿ ಇದೆ ಅನ್ನುತ್ತಾರೆ, ಇಬ್ಬರ ಮಾತೂ ನಿಜ. ನಾನು ಆ ಪದವನ್ನು ಸೈಬರ್‌ಶೆಫ್‌ನ "ಟು ಚಾರ್‌ಕೋಡ್"ಗೆ ಕೊಟ್ಟು ಇಬ್ಬರಿಗೂ ತೋರಿಸುತ್ತೇನೆ. ಜಾಯ್ನರ್ ಇದ್ದರೆ "ರ‍್ಯಾಂಕ್" 8 ಕೋಡ್ ಪಾಯಿಂಟ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯುನಿಕೋಡ್ ಕೊಟ್ಟ ಸಂಖ್ಯೆ), ಇಲ್ಲದಿದ್ದರೆ 7. ಅಷ್ಟಕ್ಕೆ ವಾದ ಮುಗಿಯುತ್ತದೆ.

ಜಾವಾದವರಿಗೆ ಇಲ್ಲೇ ಒಂದು ವಿನಂತಿ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ) ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್. ಆ ಎಂಟಕ್ಕೆ 24 ಬೈಟ್ ಆಯಿತು. ಡೇಟಾಬೇಸ್ ಕಾಲಂ ಬೈಟ್ ಲೆಕ್ಕದಲ್ಲಿ 20 ಅಂತ ಇಟ್ಟಿದ್ದರೆ ಈ ಪುಟ್ಟ ಪದ ಅದರಲ್ಲಿ ಹಿಡಿಸುವುದಿಲ್ಲ. ಊರಿನ ಹೆಸರು, ಬೀದಿಯ ಹೆಸರು ಕನ್ನಡದಲ್ಲಿ ಬರೆಯುವ ಗ್ರಾಹಕರು ನಿಮ್ಮ ಪಾರ್ಸೆಲ್ ವ್ಯವಸ್ಥೆಯಲ್ಲೂ ಇರಬಹುದು. ದಯವಿಟ್ಟು ಒಮ್ಮೆ ನೋಡಿ.

ತುಂಗೆಯ ದಂಡೆ:

ಮೂರು ವಾರ ಆಯಿತು, ಬಳಸಿ ನೋಡಿ ಬರೆಯೋಣ ಅಂತ ಇಷ್ಟು ದಿನ ಸುಮ್ಮನಿದ್ದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ವೆಬ್‌ಸೈಟ್‌ಗೆ ಟೋಕನ್ ಹಾಕುವುದನ್ನು ಅವತ್ತೇ ಬಿಟ್ಟೆ. ಅಲ್ಲಿಯವರೆಗೆ ನಾನು ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ, ಸರ್. ಸೈಬರ್‌ಶೆಫ್ ಬಗ್ಗೆ ಐಟಿಯವರಿಗೆ ಬರೆದೆ. ಆನ್‌ಲೈನ್ ಫಾರ್ಮ್ಯಾಟರ್‌ಗೆ ಬದಲಾಗಿ ಅಂತ ಕಾರಣ ಕೊಟ್ಟಿದ್ದಕ್ಕೆ ನಾಲ್ಕೇ ದಿನದಲ್ಲಿ ಒಪ್ಪಿಗೆ ಬಂತು, ಈಗ ತಂಡದ ಎಲ್ಲರಿಗೂ ಒಂದು ಹಂಚಿಕೆ ಫೋಲ್ಡರಿನಲ್ಲಿ ಇಟ್ಟಿದ್ದಾರೆ. ಪ್ರೋಸೆಸ್ ಎಕ್ಸ್‌ಪ್ಲೋರರ್‌ಗೆ ಒಪ್ಪಿದರು. ಎವೆರಿಥಿಂಗ್‌ಗೆ ಧಾರವಾಡದ ಅಣ್ಣ ಹೇಳಿದ ಹಾಗೇ ಆಗಲಿಲ್ಲ.

"ಹೊತ್ತು" ನನ್ನ ಲ್ಯಾಪ್‌ಟಾಪ್‌ನಲ್ಲೂ ಬಂದಿದೆ. ನಾನು ಒಂದು ಸಾಲು ಸೇರಿಸಿದೆ, ಅದೇ ಕ್ಷಣದ ಯುಟಿಸಿಯನ್ನೂ ಕೆಳಗೆ ತೋರಿಸುವ ಹಾಗೆ. ಪಾರ್ಸೆಲ್ ದೋಷದ ಮೂಲ ಕಂಡದ್ದು ಅದರಿಂದಲೇ. ರಾತ್ರಿ 12ರಿಂದ ಬೆಳಗಿನ ಜಾವ 5.30ರ ನಡುವೆ ಸ್ಕ್ಯಾನ್ ಆದವು ಮಾತ್ರ ಕೆಡುತ್ತಿದ್ದವು. ಒಂದು ಕಡೆ ತಾರೀಖನ್ನು ಯುಟಿಸಿಯಲ್ಲಿ, ಇನ್ನೊಂದು ಕಡೆ ನಮ್ಮ ಸಮಯದಲ್ಲಿ ತೆಗೆಯುತ್ತಿದ್ದೆವು. ಎರಡು ಸಾಲು ಒಂದರ ಕೆಳಗೊಂದು ಕಂಡಾಗ ತಾರೀಖು ಬೇರೆ ಇರುವುದು ಕಣ್ಣಿಗೆ ಹೊಡೆಯಿತು.

ವರ್ಕ್‌ಟ್ರೀ ಮೊದಲ ದಿನ ಕೈಕೊಟ್ಟಿತು. ತುರ್ತು ಫೋಲ್ಡರಿನಲ್ಲಿ ಸರ್ವರ್ ಏಳಲೇ ಇಲ್ಲ. ಒಂದು ಗಂಟೆ ಆದಮೇಲೆ ತಿಳಿಯಿತು, ನಮ್ಮ ಲೋಕಲ್ ಕಾನ್ಫಿಗ್ ಫೈಲ್ ಗಿಟ್‌ಇಗ್ನೋರ್‌ನಲ್ಲಿದೆ, ಹಾಗಾಗಿ ಹೊಸ ಫೋಲ್ಡರಿಗೆ ಅದು ಬಂದಿರಲಿಲ್ಲ. ಕೈಯಿಂದ ಕಾಪಿ ಮಾಡಿ, ಅಲ್ಲಿ ಪೋರ್ಟನ್ನು 8081 ಮಾಡಿದೆ. ಈಗ ಎರಡೂ ಒಟ್ಟಿಗೆ ಓಡುತ್ತವೆ. ಕಳೆದ ಮಂಗಳವಾರ ನಡು ಮಧ್ಯಾಹ್ನ ತುರ್ತು ಬಂದಾಗ ಹೊಸ ಕಿಟಕಿ ತೆರೆದು ಮುಗಿಸಿ ವಾಪಸ್ ಬಂದರೆ ನನ್ನ ಅರ್ಧ ಬರೆದ ಮೆಥಡ್ ಹಾಗೇ ಇತ್ತು. ಸ್ಟ್ಯಾಶ್ ಪಟ್ಟಿ ಈಗ ಖಾಲಿ.

ಅರ್ಕಾವತ್ತು ಅಕ್ಕ, ನೀವು ಹೇಳಿದ ಮೇಲೆ ನಮ್ಮ ವಿಳಾಸದ ಕಾಲಂ ನೋಡಿದೆ. ಬೈಟ್ ಲೆಕ್ಕದಲ್ಲಿ 100 ಇದೆ, ಕನ್ನಡದಲ್ಲಿ 33 ಕೋಡ್ ಪಾಯಿಂಟ್ ಅಷ್ಟೇ ಹಿಡಿಸುತ್ತದೆ. ಟಿಕೆಟ್ ಹಾಕಿದ್ದೇನೆ, ಅದನ್ನು ನಾನೇ ತೆಗೆದುಕೊಂಡಿದ್ದೇನೆ.

ಒಂದು ಅನುಮಾನ ಉಳಿದಿದೆ. ವಿಂಡೋಸ್ ವಿ ಈಗ ಕೈಗೆ ರೂಢಿಯಾಗಿದೆ. ಆದರೆ ಮೊನ್ನೆ ಆ ಪಟ್ಟಿಯಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಹಾಗೇ ಕಾಣುತ್ತಿತ್ತು. ಸ್ಕ್ರೀನ್ ಶೇರ್ ಮಾಡುವಾಗ ಒತ್ತಿದರೆ ಎಲ್ಲರಿಗೂ ಕಾಣುತ್ತದಲ್ಲವೇ?

ಬೆಟ್ಟದ ಮೆಟ್ಟಿಲು:

ಹೌದು, ಕಾಣುತ್ತದೆ. ಪಾಸ್‌ವರ್ಡನ್ನು ನೋಟ್‌ಪ್ಯಾಡ್ ಫೈಲಿನಿಂದಲೋ ಚಾಟ್‌ನಿಂದಲೋ ಕಾಪಿ ಮಾಡಿದ್ದೀರಿ ಅನಿಸುತ್ತದೆ. ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಕಾಪಿ ಮಾಡಿ ನೋಡಿ. ಇದನ್ನು ಪಟ್ಟಿಗೆ ಸೇರಿಸಬೇಡ ಅಂತ ವಿಂಡೋಸ್‌ಗೆ ಹೇಳುವ ಒಂದು ಗುರುತು ಇದೆ, ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್‌ಗಳು ಅದನ್ನು ಹಾಕಿಯೇ ಕಳಿಸುತ್ತವೆ, ಕೆಲವು ಸೆಕೆಂಡ್ ಆದ ಮೇಲೆ ಕ್ಲಿಪ್‌ಬೋರ್ಡಿನಿಂದಲೂ ಅಳಿಸುತ್ತವೆ. ಈಗಾಗಲೇ ಪಟ್ಟಿಯಲ್ಲಿರುವುದಕ್ಕೆ ಮೇಲ್ಗಡೆ "ಕ್ಲಿಯರ್ ಆಲ್" ಇದೆ, ಪಿನ್ ಮಾಡಿದ್ದು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ಸ್ಕ್ರೀನ್ ಶೇರ್ ಮಾಡುವ ಮೊದಲು ಅದನ್ನು ಒತ್ತುವುದು ನನಗೆ ರೂಢಿ. ಇಡೀ ಪರದೆ ಹಂಚುವ ಬದಲು ಒಂದು ಕಿಟಕಿ ಮಾತ್ರ ಹಂಚಿ.

ಆ ಯುಟಿಸಿ ಸಾಲನ್ನು ನನ್ನ "ಹೊತ್ತು"ವಿಗೂ ಇವತ್ತು ಸೇರಿಸಿದೆ, ಮೇಡಂ. ಎಂಟು ವರ್ಷ ನನಗದು ಹೊಳೆದಿರಲಿಲ್ಲ.